22 ಅಂತಸ್ತು, ಎರಡು ಭಾಷೆ: ಒಂದು ಅಪಾರ್ಟ್‌ಮೆಂಟಿನ ನಿರ್ವಹಣಾ ಸೇವೆಯ ವಿಮರ್ಶೆ

ಬೆಂಗಳೂರಿನ ಸರ್ಜಾಪುರ ರಸ್ತೆಯ ಕಡೆಯ, 22 ಅಂತಸ್ತುಗಳ ನಾಲ್ಕು ಟವರ್‌ಗಳಿರುವ ಒಂದು ಅಪಾರ್ಟ್‌ಮೆಂಟಿನಲ್ಲಿ 14 ತಿಂಗಳು ಬಾಡಿಗೆಗಿದ್ದು, ಈಚೆಗಷ್ಟೇ ಮನೆ ಖಾಲಿ ಮಾಡಿದ್ದೇನೆ. ಅಲ್ಲಿನ ನಿರ್ವಹಣೆ ನೋಡಿಕೊಳ್ಳುವ ಸಂಸ್ಥೆಯ ಹೆಸರು ಇಲ್ಲಿ ಬೇಡ. ಕರೆಂಟು ಹೋದರೆ ಜನರೇಟರ್ ಅರೆ ನಿಮಿಷದಲ್ಲಿ ಚಾಲೂ ಆಗುತ್ತಿತ್ತು. ಬೇಸಿಗೆಯಲ್ಲೂ ನೀರಿಗೆ ಪರದಾಡಲಿಲ್ಲ. ಹಸಿ ಕಸ, ಒಣ ಕಸ ಬೇರ್ಪಡಿಸುವುದರಲ್ಲಿ ಅಷ್ಟು ಶಿಸ್ತನ್ನು ನಾನು ಬೇರೆಲ್ಲೂ ಕಂಡಿಲ್ಲ. ತಿಂಗಳ ಮೇಂಟೆನೆನ್ಸ್ ಹಣ ದಂಡವಾಯಿತೆಂದು ಹೇಳಲಾರೆ. ನನ್ನ ತಕರಾರು ಬೋರ್ಡುಗಳ ಬಗ್ಗೆ.

ಗೇಟಿನ ಹೊರಗಿರುವ ದಿನಸಿ ಅಂಗಡಿಯ ನಾಮಫಲಕದಲ್ಲಿ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಯ 2024ರ ತಿದ್ದುಪಡಿ ಹೇಳುವಂತೆ ಶೇ 60ರಷ್ಟು ಕನ್ನಡವಿದೆ. ಅಂಗಡಿ, ಹೋಟೆಲು, ಆಸ್ಪತ್ರೆಗಳ ನಾಮಫಲಕಗಳಿಗೆ ಅನ್ವಯಿಸುವ ಆ ಕಾಯ್ದೆ ಮನೆಗಳ ನಡುವಿನ ಕಾರಿಡಾರಿನವರೆಗೆ ಬರುವುದಿಲ್ಲ. ಒಳಗೆ ಟವರ್‌ಗಳಿಗೆ ಇಟಲಿಯ ಊರುಗಳ ಹೆಸರಿಟ್ಟಿದ್ದಾರೆ. ಕೆಲಸಕ್ಕೆ ಬರುವವರು ಅವನ್ನು ಬಿಟ್ಟು ‘ಕೆರೆ ಕಡೇದು’, ‘ಗುಡಿ ಕಡೇದು’ ಎಂದೇ ಗುರುತಿಸುತ್ತಾರೆ. ಈಜುಕೊಳ, ಜಿಮ್, ಕ್ಲಬ್‌ಹೌಸ್‌ಗಳ ಸೂಚನೆಗಳೆಲ್ಲ ಇಂಗ್ಲಿಷಿನಲ್ಲಿದ್ದು, ನಿವಾಸಿಗಳನ್ನು ಅತ್ಯಂತ ವಿನಯದಿಂದ ವಿನಂತಿಸಿಕೊಳ್ಳುತ್ತವೆ. ಹಾಗಾದರೆ ಕನ್ನಡ ಎಲ್ಲಿದೆ ಎಂದು ಒಂದು ಭಾನುವಾರ ನಮ್ಮ ಟವರ್‌ನಲ್ಲಿ ಹುಡುಕುತ್ತ ಹೋದಾಗ ಸಿಕ್ಕಿದ್ದು ಐದು ಬೋರ್ಡು: ಉಗುಳಬಾರದು, ಮೆಟ್ಟಿಲ ಮೇಲೆ ಕೂರಬಾರದು, ಹೊರಗೆ ಹೋಗುವಾಗ ಚೀಲ ತೋರಿಸಬೇಕು, ಉದ್ಯಾನದಲ್ಲಿ ಊಟ ಮಾಡಬಾರದು, ಮನೆಕೆಲಸದವರು ಮತ್ತು ಡೆಲಿವರಿಯವರು ಈ ಲಿಫ್ಟ್ ಬಳಸಬಾರದು. ಐದರಲ್ಲಿ ಒಂದರಲ್ಲೂ ‘ದಯವಿಟ್ಟು’ ಇಲ್ಲ.

ಇವಲ್ಲದೆ, ಕೆಲಸದವರು ಬಳಸಬೇಕಾದ ಲಿಫ್ಟಿನ ಮೇಲೆ ‘ಸೇವೆ ಎತ್ತು’ ಎಂದು ಬರೆಸಿದ್ದರು. ‘ಸರ್ವಿಸ್ ಲಿಫ್ಟ್’ ಎಂಬ ಎರಡು ಪದಗಳನ್ನು ಯಂತ್ರದ ಬಾಯಿಗೆ ಹಾಕಿ ತೆಗೆದ ಅನುವಾದವಿರಬೇಕು. ನಗು ಬಂತು, ಆದರೆ ನೊಗಕ್ಕೆ ಕಟ್ಟಿದ ಪ್ರಾಣಿಯ ಹೆಸರು ಅಲ್ಲಿಗೆ ಅಷ್ಟು ಸರಿಯಾಗಿ ಹೊಂದಿದ್ದನ್ನು ಕಂಡು ನಗು ನಿಂತೂ ಹೋಯಿತು. ಎರಡೂ ಲಿಫ್ಟ್‌ಗಳ ಒಳಗಿನ ತಗಡಿನ ಮೇಲೆ 13 ಜನ, 884 ಕಿಲೋ ಎಂದೇ ಇದೆ. ತಲೆಗೆ 68 ಕಿಲೋದ ಆ ಲೆಕ್ಕದಲ್ಲಿ ಮಾಲೀಕರ ತಲೆ, ಕೆಲಸದವರ ತಲೆ ಎಂಬ ಭೇದವಿಲ್ಲ.

ನಮ್ಮ ಮನೆಗೆ ಕೆಲಸಕ್ಕೆ ಬರುತ್ತಿದ್ದವರು ಯಾದಗಿರಿ ಕಡೆಯವರು. ಸರ್ವಿಸ್ ಲಿಫ್ಟ್ ಕೆಟ್ಟ ಒಂದು ದಿನ 17ನೇ ಅಂತಸ್ತಿಗೆ ಮೆಟ್ಟಿಲು ಹತ್ತಿಕೊಂಡೇ ಬಂದರು. ಇನ್ನೊಂದು ಲಿಫ್ಟಿನಲ್ಲಿ ಬರಬಾರದಿತ್ತೇ ಎಂದು ಕೇಳಿದೆ. ‘ಬೋರ್ಡ್ ಓದಾಕ ಬರ್ತದ್ರೀ ಅಕ್ಕಾರ, ಅದು ನಮಗಂತನ ಬರದದ್ದು’ ಎಂದರು.

ಬೋರ್ಡು ಯಾರಿಗಾಗಿ ಎಂಬುದನ್ನು ಅದರ ಭಾಷೆಯೇ ಹೇಳುತ್ತದೆ ಎಂಬುದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಇದು ಬರೀ ಮರ್ಯಾದೆಯ ಪ್ರಶ್ನೆಯಾಗಿದ್ದರೆ ಒಂದು ನಕ್ಷತ್ರವನ್ನಷ್ಟೇ ಕಳೆಯುತ್ತಿದ್ದೆ. ಬೆಂಕಿ ಬಿದ್ದಾಗ ಲಿಫ್ಟ್ ಹತ್ತಬೇಡಿ ಎಂಬ ಎಚ್ಚರಿಕೆ, ಹೊರದಾರಿಯ ನಕ್ಷೆ, ಬೆಂಕಿ ಬಿದ್ದಾಗ ಜನ ಸುರಕ್ಷಿತವಾಗಿ ಕಾದು ನಿಲ್ಲುವ ಆಶ್ರಯ ಜಾಗದ ಗುರುತು, ಹೊರಬಂದವರು ಸೇರಬೇಕಾದ ಸ್ಥಳ, ಇವೆಲ್ಲ ಇಂಗ್ಲಿಷಿನಲ್ಲಿ ಮಾತ್ರ ಇವೆ. ಹಗಲು ಹೊತ್ತಿನಲ್ಲಿ, ಮನೆಯವರು ಆಫೀಸಿಗೆ ಹೋದಾಗ, ಆ ಅಂತಸ್ತುಗಳಲ್ಲಿ ಉಳಿಯುವವರು ಹೆಚ್ಚಾಗಿ ಅಡುಗೆಯವರು, ಮಗು ನೋಡಿಕೊಳ್ಳುವವರು ಮತ್ತು ವಯಸ್ಸಾದ ಅಪ್ಪ ಅಮ್ಮಂದಿರು. ಕಾವಲಿನ ಹುಡುಗರಲ್ಲಿ ಹಲವರು ಅಸ್ಸಾಂ, ಒಡಿಶಾದವರಾದ್ದರಿಂದ ಕನ್ನಡದ ಜೊತೆಗೆ ಹಿಂದಿಯಲ್ಲೂ, ಚಿತ್ರದಲ್ಲೂ ಈ ಸೂಚನೆಗಳಿರಬೇಕಿತ್ತು.

ಇಷ್ಟನ್ನೂ ಬರೆದು ನಿರ್ವಹಣಾ ಕಚೇರಿಗೆ ಕೊಟ್ಟೆ. ಹತ್ತು ದಿನಗಳಲ್ಲಿ ಉತ್ತರ ಬಂತು, ಅದೂ ಬಹಳ ಸೌಜನ್ಯದಿಂದ. ಲಿಫ್ಟಿನ ಮೇಲಿದ್ದ ಎತ್ತು ಹೋಗಿ, ‘ಸರ್ವಿಸ್ ಲಿಫ್ಟ್’ ಎಂದು ಶುದ್ಧ ಕನ್ನಡ ಲಿಪಿಯಲ್ಲಿ ಹೊಸ ಬೋರ್ಡು ಬಂತು. ನಾನು ಮನೆ ಬಿಟ್ಟ ದಿನದವರೆಗೂ ಹೊರದಾರಿಯ ನಕ್ಷೆ ಇಂಗ್ಲಿಷಿನಲ್ಲೇ ಇತ್ತು. ಐದಕ್ಕೆ ಎರಡೂವರೆ ನಕ್ಷತ್ರ.