ಹಂಚಿನ ಮಾಡಿಗೆ ಪೆನ್ನೋ, ಬಣ್ಣವೋ, ಟ್ಯಾಬೋ?

ರಸ್ತೆ ಬದಿ ಕೂತು ಊರಿನ ಚಿತ್ರ ಬಿಡಿಸುವವರಿಗೆ ನಮ್ಮ ಕಡೆ ದೊಡ್ಡ ತೊಂದರೆ ಸೆಕೆ. ಕೈ ಬೆವರುತ್ತದೆ, ಹಾಳೆ ಮೆತ್ತಗಾಗುತ್ತದೆ, ಬಣ್ಣ ಬೇಗ ಒಣಗುವುದಿಲ್ಲ. ತಣ್ಣಗಿನ ದೇಶದವರು ಯೂಟ್ಯೂಬಿನಲ್ಲಿ ಹೇಳುವ ಸಲಹೆ ಎಷ್ಟೋ ಸಲ ಇಲ್ಲಿ ನಡೆಯುವುದಿಲ್ಲ. ಹಾಗಾಗಿ ಫೈನ್‌ಲೈನರ್ (ಸಣ್ಣ ತುದಿಯ, ಒಂದೇ ದಪ್ಪದ ಗೆರೆ ಎಳೆಯುವ ಪೆನ್), ಬಾಲ್ ಪೆನ್, ವಾಟರ್‌ಕಲರ್, ಟ್ಯಾಬ್ಲೆಟ್ ಎಲ್ಲವನ್ನೂ ಮಂಗಳೂರು, ಉಡುಪಿಯಲ್ಲೇ ಬಳಸಿ ನೋಡಿದೆ. ಶರತ್ತು ಒಂದೇ: ಎದುರಿಗೆ ನೋಡುತ್ತಾ ಬಿಡಿಸಬೇಕು, ಫೋಟೊ ಇಟ್ಟುಕೊಂಡು ಮನೆಯಲ್ಲಿ ಅಲ್ಲ. 2007ರಲ್ಲಿ ಸಿಯಾಟಲ್‌ನ ಪತ್ರಿಕಾ ಚಿತ್ರಕಾರ ಗೇಬ್ರಿಯಲ್ ಕಂಪನಾರಿಯೊ ಶುರು ಮಾಡಿದ ಅರ್ಬನ್ ಸ್ಕೆಚರ್ಸ್ ಬಳಗದವರು ಪಾಲಿಸುವುದೂ ಇದನ್ನೇ.

ಆರ್ಕಿಟೆಕ್ಟ್‌ಗಳಿಗೆ ಫೈನ್‌ಲೈನರ್ ಅಂದರೆ ಪ್ರಾಣ. ಉಡುಪಿಯ ರಥಬೀದಿಯಲ್ಲಿ ಕೂತಾಗ ಯಾಕೆ ಅಂತ ಗೊತ್ತಾಯಿತು. ಸುತ್ತ ಮಠಗಳು, ನಡುವೆ ಅನಂತೇಶ್ವರ, ಚಂದ್ರಮೌಳೀಶ್ವರ ದೇವಸ್ಥಾನಗಳು. ಕಂಬ, ದಳಿ, ಮಾಡಿನ ಅಂಚು ಎಲ್ಲವನ್ನೂ 0.1 ಮಿ.ಮೀ. ತುದಿ ಅಚ್ಚುಕಟ್ಟಾಗಿ ಹಿಡಿಯುತ್ತದೆ. ಮೊದಲು ಕಣ್ಣಿನ ಮಟ್ಟಕ್ಕೆ ಒಂದು ಗೆರೆ ಎಳೆದುಕೊಂಡರೆ ಬೀದಿಯ ಆಳ ತಾನಾಗಿ ಕೂರುತ್ತದೆ. ಇದರ ಪಿಗ್ಮೆಂಟ್ ಇಂಕ್ (ಬಣ್ಣದ ಪುಡಿಯ ಕಣಗಳಿರುವ ಶಾಯಿ) ಒಣಗಿದ ಮೇಲೆ ನೀರು ಬಿದ್ದರೂ ಹರಡುವುದಿಲ್ಲ. ಆದರೆ ದಪ್ಪ ಹಾಳೆಯಲ್ಲಿ ಒಣಗಲು ಸ್ವಲ್ಪ ಹೊತ್ತು ಬಿಡಬೇಕು. ಜನರ ವಿಷಯಕ್ಕೆ ಬಂದರೆ ಈ ಪೆನ್ನು ನನಗೆ ಆಗಲಿಲ್ಲ. ಕಟ್ಟಡ ನಿಂತಿರುತ್ತದೆ, ಹೂ ಕಟ್ಟುವವರ ಕೈ ನಿಲ್ಲುತ್ತದಾ? ಒಂದೇ ದಪ್ಪದ ಗೆರೆಯಲ್ಲಿ ಮನುಷ್ಯರೂ ಕಂಬದ ಹಾಗೆ ಸೆಟೆದು ನಿಂತುಬಿಡುತ್ತಾರೆ.

ಅಲ್ಲಿ ಗೆದ್ದದ್ದು ಬಾಲ್ ಪೆನ್. ಮಂಗಳೂರಿನ ಸ್ಟೇಟ್ ಬ್ಯಾಂಕ್ ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರ್ ಬಾಗಿಲಲ್ಲಿ ನೇತಾಡುವುದನ್ನು ಹಿಡಿಯಲು ಇದಕ್ಕಿಂತ ಒಳ್ಳೆಯ ಸಾಧನ ನಾನು ಕಂಡಿಲ್ಲ. ಮೆಲ್ಲಗೆ ಒತ್ತಿದರೆ ತೆಳು, ಜೋರಾಗಿ ಒತ್ತಿದರೆ ಗಾಢ. ಇದರ ಇಂಕಿನಲ್ಲಿ ಎಣ್ಣೆಯ ಅಂಶ ಇರುವುದರಿಂದ ಬೆವರಿನ ಹನಿಗೂ ಅಷ್ಟಾಗಿ ಕದಡುವುದಿಲ್ಲ. ಮಧ್ಯೆ ಮಧ್ಯೆ ಇಂಕಿನ ಮುದ್ದೆ ಬೀಳುತ್ತದೆ, ಸುಮ್ನೆ ಅದನ್ನೇ ಕೂದಲೋ ನೆರಳೋ ಮಾಡಿಬಿಡಿ.

ಇನ್ನು ಹಂಚಿನ ಮಾಡು. ಇಲ್ಲಿ ನನ್ನ ಪಕ್ಷಪಾತ ಜಾಸ್ತಿ. ಮಂಗಳೂರಿನಲ್ಲಿ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಮಿಷನರಿ ಸಂಸ್ಥೆ 1865ರಲ್ಲಿ ಹಂಚಿನ ಕಾರ್ಖಾನೆ ಹಾಕಿತು. ಆಮೇಲೆ ಈ ಕೆಂಪು ಮಾಡೇ ಊರಿನ ಗುರುತಾಯಿತು. ಪೆನ್ನಿನಲ್ಲಿ ಒಂದೊಂದೇ ಹಂಚು ಎಳೆಯಲು ಹೊರಟರೆ ಮಾಡು ಮೀನಿನ ಬಲೆಯ ಹಾಗೆ ಕಾಣುತ್ತದೆ. ಬಂದರಿನ ಹಳೆಯ ಗೋದಾಮುಗಳ ಎದುರು ನಾನು ಕ್ರಮ ತಿರುಗಿಸಿದೆ: ಬಣ್ಣ ಮೊದಲು, ಗೆರೆ ಆಮೇಲೆ. ಬರ್ಂಟ್ ಸಿಯೆನ್ನಾ ಅನ್ನುವ ಕೆಂಗಂದು ಬಣ್ಣವನ್ನು ಇಡೀ ಮಾಡಿಗೆ ಒಂದೇ ಸಲ ಹರಿಸಿ, ಒದ್ದೆ ಇರುವಾಗಲೇ ಅಲ್ಲಲ್ಲಿ ಹಸಿರು ತಾಗಿಸಿದರೆ ಪಾಚಿ ಹಿಡಿದ ಹಂಚು ಬಂದೇ ಬಿಡುತ್ತದೆ. ಬಿಸಿಲು ಬಿದ್ದ ಕಡೆ ಹಾಳೆಯ ಬಿಳಿ ಹಾಗೇ ಇರಲಿ. ಕೊನೆಗೆ ಅಂಚಿನ ಸಾಲಿಗೆ ಮಾತ್ರ ನಾಲ್ಕಾರು ಹಂಚಿನ ಗೆರೆ. ಸೆಕೆಗೆ ಬಣ್ಣ ನಿಧಾನವಾಗಿ ಒಣಗುವುದು ಇಲ್ಲಿ ಲಾಭವೇ, ತಿದ್ದಲು ಸಮಯ ಸಿಗುತ್ತದೆ. ಕೆಂಪು ಮುರಕಲ್ಲಿನ (ಲ್ಯಾಟರೈಟ್) ಗೋಡೆಗೂ ಇದೇ ಕ್ರಮ ಸರಿ. ಹಾಳೆ ಮಾತ್ರ 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ ದಪ್ಪ ಹಾಳೆ) ಇರಲಿ, ತೆಳ್ಳಗಿದ್ದರೆ ಅಲೆ ಅಲೆಯಾಗಿ ಏಳುತ್ತದೆ. ಮಳೆಗಾಲದಲ್ಲಿ ಬಣ್ಣದ ಡಬ್ಬಿಯನ್ನು ಒದ್ದೆ ಇರುವಾಗಲೇ ಮುಚ್ಚಿಟ್ಟರೆ ಬೂಷ್ಟು ಬರುತ್ತದೆ. ರಾತ್ರಿ ಮುಚ್ಚಳ ತೆರೆದು ಫ್ಯಾನಿನ ಕೆಳಗಿಡಿ.

ಟ್ಯಾಬ್ಲೆಟ್‌ನಲ್ಲಿ ಪರ್ಸ್ಪೆಕ್ಟಿವ್ ಗೆರೆ, ಅಂದರೆ ದೂರ, ಆಳ ತೋರಿಸುವ ಗೆರೆ, ಅದೇ ಹಾಕಿಕೊಡುತ್ತದೆ, ತಪ್ಪಿದ್ದನ್ನು ಅಳಿಸುವುದೂ ಸುಲಭ. ಆದರೆ ಮಧ್ಯಾಹ್ನದ ಬಿಸಿಲಿಗೆ ಪರದೆ ಕಾಣುವುದಿಲ್ಲ, ಯಂತ್ರ ಬಿಸಿಯಾಗುತ್ತದೆ. ದಕ್ಕೆಯಲ್ಲಿ (ದೋಣಿ ನಿಲ್ಲುವ ಕಟ್ಟೆ) ಮೀನಿನ ಬುಟ್ಟಿಯ ನೀರು ಸಿಡಿಯುವಾಗ ಜೀವವೆಲ್ಲ ಅದರ ಮೇಲೇ. ಇನ್ನೊಂದು ಸಂಗತಿ: ಪುಸ್ತಕ ಬಿಚ್ಚಿದರೆ "ನಮ್ಮ ಅಂಗಡಿ ಹಾಕಿದ್ರಾ?" ಅಂತ ಜನ ಬಗ್ಗಿ ನೋಡುತ್ತಾರೆ. ಟ್ಯಾಬ್ ತೆಗೆದರೆ ಕೇಳುವುದು ಅದರ ರೇಟು.

ಆರ್ಕಿಟೆಕ್ಚರ್ ಓದುವವರು ಫೈನ್‌ಲೈನರ್‌ನಿಂದಲೇ ಶುರು ಮಾಡಲಿ, ಅಳತೆಯ ಕಣ್ಣು ಅದರಿಂದ ಬರುತ್ತದೆ. ನನ್ನ ಚೀಲದಲ್ಲಿ ಈಗ ಇರುವುದು ಪುಟ್ಟ ಬಣ್ಣದ ಡಬ್ಬಿ, ಒಂದು ಬ್ರಷ್, ಒಂದು ಬಾಲ್ ಪೆನ್. ಜೂನ್ ಬಂದರೆ ಬಣ್ಣವೂ ಮನೆಯಲ್ಲೇ. ಕೊಡೆ ಹಿಡಿದ ಕೈ ಬಿಟ್ಟರೆ ಇನ್ನೊಂದೇ ಕೈ ಉಳಿಯುವುದು, ಅದಕ್ಕೆ ಬಾಲ್ ಪೆನ್ ಸಾಕಲ್ವಾ?