ಇಲಿಯ ಮಿದುಳಿನಲ್ಲಿ ಒಂದು ಜೀನ್ ಸುಮ್ಮನಾಗಿಸುವುದು: ಲೆಂಟಿ, ಎಎವಿ, ಕ್ರಿಸ್ಪರ್ ಮೂರನ್ನೂ ಬಳಸಿದ ಮೇಲೆ

ಮೂರು ವರ್ಷದಿಂದ ನನ್ನದು ಒಂದೇ ಪ್ರಶ್ನೆ. ಮಿದುಳಿನಲ್ಲಿ ನೆನಪಿಗೆ ಬೇಕಾದ ಹಿಪೊಕ್ಯಾಂಪಸ್ ಒಳಗಿನ ಡೆಂಟೇಟ್ ಗೈರಸ್ ಎಂಬ ಭಾಗದಲ್ಲಿ, ನರಕೋಶಗಳನ್ನು ಪೋಷಿಸುವ ಪ್ರೋಟೀನ್ ಕೊಡುವ ಬಿಡಿಎನ್‌ಎಫ್ ಜೀನ್ ಕೆಲಸ ನಿಲ್ಲಿಸಿದರೆ ಇಲಿಯ ನೆನಪು ಏನಾಗುತ್ತದೆ? ಉಳಿದ ಕಡೆ ಆ ಜೀನ್ ಎಂದಿನಂತೆ ಇರಬೇಕು. ಹಾಗಾಗಿ ವೈರಸ್ಸೇ ಗತಿ. ಅದರ ಸ್ವಂತ ಜೀನ್‌ಗಳನ್ನು ತೆಗೆದು, ನಮಗೆ ಬೇಕಾದ ಜೀನ್ ಸಂದೇಶ ತುಂಬಿ, ಸೂಜಿಯಿಂದ ನೇರ ಆ ಜಾಗಕ್ಕೇ ಬಿಡುತ್ತೇವೆ.

ಮೊದಲು ಹಿಡಿದದ್ದು ಲೆಂಟಿವೈರಸ್. ಒಳಗೆ ಶಾರ್ಟ್ ಹೇರ್‌ಪಿನ್ ಆರ್‌ಎನ್‌ಎ, ಅಂದರೆ ಜೀನ್‌ನಿಂದ ಹೊರಡುವ ಸಂದೇಶಕ್ಕೆ ಅಂಟಿ ಅದನ್ನು ನಾಶಮಾಡಿಸುವ ತುಂಡಿನ ಸೂಚನೆ. ಲ್ಯಾಬ್‌ನಲ್ಲೇ ಮಾಡಿಕೊಳ್ಳಬಹುದು, ಗುರುತಿಗೆ ಸೇರಿಸಿದ ಹೊಳೆಯುವ ಪ್ರೋಟೀನ್‌ನಿಂದ ಒಂದು ವಾರದಲ್ಲಿ ಜೀವಕೋಶಗಳು ಹಸಿರಾಗಿ ಹೊಳೆಯುತ್ತವೆ. ಆದರೆ ಕಣ ದೊಡ್ಡದು, ಸುಮಾರು 100 ನ್ಯಾನೋಮೀಟರ್. ಮಿದುಳಿನಲ್ಲಿ ಹರಡುವುದೇ ಇಲ್ಲ, ಸೂಜಿ ನಿಂತಲ್ಲೇ ಒಂದು ಚುಕ್ಕೆ. ಮಿದುಳಿನ ತೆಳು ಸ್ಲೈಸ್ ತೆಗೆದು ಒಂದೊಂದೇ ನರಕೋಶದ ವಿದ್ಯುತ್ ಅಳೆಯುವವರಿಗೆ ಇದು ಚಿನ್ನ, ವೈರಸ್ ತಾಗದ ಪಕ್ಕದ ಕೋಶವೇ ಹೋಲಿಕೆಗೆ ಕಂಟ್ರೋಲ್ ಆಗುತ್ತದೆ ಅಲ್ವಾ. ನನಗೆ ಬೇಕಾಗಿದ್ದದ್ದು ಇಡೀ ಇಲಿಯ ವರ್ತನೆ. ನಾಲ್ಕು ಕಡೆ ಚುಚ್ಚಿದರೂ ಸಾಲಲಿಲ್ಲ.

ಆಮೇಲೆ ಎಎವಿ, ಅಂದರೆ ಅಡಿನೊ-ಅಸೋಸಿಯೇಟೆಡ್ ವೈರಸ್. ಕಣ ಬರೀ 25 ನ್ಯಾನೋಮೀಟರ್, ಚೆನ್ನಾಗಿ ಹರಡುತ್ತದೆ. ಕ್ರೋಮೋಸೋಮ್ ಒಳಗೆ ಹೆಚ್ಚಾಗಿ ಸೇರಿಕೊಳ್ಳುವುದಿಲ್ಲ, ಪಕ್ಕದಲ್ಲಿ ಉಳಿದುಕೊಳ್ಳುತ್ತದೆ. ಬಲಿತ ನರಕೋಶ ವಿಭಜನೆ ಆಗುವುದಿಲ್ಲವಾದ್ದರಿಂದ ಅಷ್ಟೇ ಸಾಕು. ಮೂರು ವಾರ ಕಾಯಬೇಕು. ಅರ್ಧ ಮೈಕ್ರೋಲೀಟರ್, ನಿಮಿಷಕ್ಕೆ 0.1ರಂತೆ. ಮುಗಿದ ಮೇಲೂ 10 ನಿಮಿಷ ಸೂಜಿಯನ್ನು ಅಲುಗಾಡಿಸಬಾರದು, ಅವಸರಕ್ಕೆ ಎಳೆದರೆ ವೈರಸ್ ಅದೇ ದಾರಿಯಲ್ಲಿ ಮೇಲೆ ಬಂದು ಮಿದುಳಿನ ಹೊರಪದರ ಕಾರ್ಟೆಕ್ಸ್‌ಗೂ ಸೇರುತ್ತದೆ.

ಮೊದಲ ಬ್ಯಾಚ್‌ನ ಫಲಿತಾಂಶ ಅದ್ಭುತವಾಗಿತ್ತು. ಶಾಕ್ ಕೊಟ್ಟ ಡಬ್ಬಿಗೆ ಮಾರನೇ ದಿನ ಬಿಟ್ಟಾಗ ಕಂಟ್ರೋಲ್ ಇಲಿಗಳು ಹೆದರಿ ಮರಗಟ್ಟಿ ನಿಂತವು, ನಮ್ಮ ಹೇರ್‌ಪಿನ್ ಇಲಿಗಳು ಆರಾಮಾಗಿ ಓಡಾಡಿದವು. ಆ ವಾರ ಪೂರ್ತಿ ಖುಷಿ. ಮುಂದಿನ ವಾರ ಸ್ಲೈಸ್ ನೋಡಿದೆ. ಡೆಂಟೇಟ್ ಗೈರಸ್‌ನ ಕೋಶಗಳು ಒತ್ತೊತ್ತಾಗಿ ಸೇರಿ, ಮಲಗಿಸಿದ ವಿ ಅಕ್ಷರದ ಹಾಗೆ ದಪ್ಪ ಪಟ್ಟಿಯಾಗಿ ಕಾಣಬೇಕು. ಸೂಜಿ ಇದ್ದ ಕಡೆ ಆ ಪಟ್ಟಿ ದಾರದಷ್ಟು ತೆಳ್ಳಗಾಗಿತ್ತು, ಅಲ್ಲಲ್ಲಿ ಕಿತ್ತುಹೋಗಿತ್ತು. ಅರ್ಥವಿಲ್ಲದ ಸ್ಕ್ರ್ಯಾಂಬಲ್ಡ್ ಹೇರ್‌ಪಿನ್ ಹಾಕಿದ ಇಲಿಗಳಲ್ಲೂ ಸ್ವಲ್ಪ ತೆಳು. ಇಲಿ ಮರೆತದ್ದು ಬಿಡಿಎನ್‌ಎಫ್ ಇಲ್ಲದ್ದಕ್ಕಲ್ಲ, ಕೋಶಗಳೇ ಸತ್ತಿದ್ದಕ್ಕೆ ಇರಬಹುದು. ಆರು ತಿಂಗಳ ಕೆಲಸ, ಎಷ್ಟೊಂದು ಇಲಿಗಳ ಜೀವ. ಅವತ್ತು ಊಟ ಸೇರಲಿಲ್ಲ.

ಹುಡುಕಿದರೆ ಎಚ್ಚರಿಕೆಗಳು ಮೊದಲೇ ಇದ್ದವು. ಹೇರ್‌ಪಿನ್ ಆರ್‌ಎನ್‌ಎ, ಜೀನ್‌ಗಳನ್ನು ಹತೋಟಿಯಲ್ಲಿಡುವ ಕೋಶದ ಸ್ವಂತ ಮೈಕ್ರೋ ಆರ್‌ಎನ್‌ಎ ಹೋಗುವ ದಾರಿಯಲ್ಲೇ ಹೋಗಬೇಕು, ಕೋಶಕೇಂದ್ರದಿಂದ ಹೊರಬರಲು ಎಕ್ಸ್‌ಪೋರ್ಟಿನ್-5 ಅನ್ನೋ ಪ್ರೋಟೀನ್ ಮುಖ್ಯ ಬಾಗಿಲು. ಯು6 ಎಂಬ ಬಲವಾದ ಪ್ರೊಮೋಟರ್ (ಜೀನ್ ಓಡಿಸುವ ಸ್ವಿಚ್) ಹಾಕಿದರೆ ಹೇರ್‌ಪಿನ್ ಅತಿಯಾಗಿ ಬಂದು ಬಾಗಿಲು ಕಟ್ಟಿಕೊಳ್ಳುತ್ತದೆ. 2006ರಲ್ಲಿ ಇಲಿಗಳ ಲಿವರ್‌ನಲ್ಲಿ ಇದೇ ಆಗಿ ಇಲಿಗಳು ಸತ್ತಿದ್ದವು, 2008ರಲ್ಲಿ ಮಿದುಳಿನ ಸ್ಟ್ರಯೇಟಮ್ ಎಂಬ ಭಾಗದಲ್ಲೂ ಹೇರ್‌ಪಿನ್ ವಿಷವಾಗುವುದು ಕಂಡಿತು. ಇನ್ನೂ ಒಂದಿದೆ. ಡೆಂಟೇಟ್ ಗೈರಸ್‌ನಲ್ಲಿ ಹೊಸದಾಗಿ ಹುಟ್ಟುವ ಕೋಶಗಳನ್ನು ಎಎವಿ ತಾನೇ ಕೊಲ್ಲುತ್ತದೆ ಅಂತ 2021ರಲ್ಲಿ ವರದಿಯಾಯಿತು.

ಹಾಗಾಗಿ ಎರಡು ಬದಲಾವಣೆ ಮಾಡಿದೆ. ಮಿಲಿಲೀಟರ್‌ಗೆ ಹತ್ತು ಲಕ್ಷ ಕೋಟಿ ಕಣ ಇದ್ದದ್ದನ್ನು ಒಂದು ಲಕ್ಷ ಕೋಟಿಗೆ ಇಳಿಸಿದೆ. ಹೇರ್‌ಪಿನ್ನನ್ನು ಮೈಕ್ರೋ ಆರ್‌ಎನ್‌ಎ-30ರ ಚೌಕಟ್ಟಿನೊಳಗೆ ಕೂರಿಸಿ, ನರಕೋಶದಲ್ಲಷ್ಟೇ ನಡೆಯುವ ಪ್ರೊಮೋಟರ್ ಕೊಟ್ಟೆ. ಪಟ್ಟಿ ಗಟ್ಟಿಯಾಗಿ ಉಳಿಯಿತು. ನೆನಪಿನ ವ್ಯತ್ಯಾಸ ಮೊದಲಿನಷ್ಟು ದೊಡ್ಡದಿರಲಿಲ್ಲ, ಆದರೆ ಇತ್ತು. ಅದೇ ಜೀನ್‌ನ ಸಂದೇಶದಲ್ಲಿ ಬೇರೊಂದು ಜಾಗಕ್ಕೆ ಅಂಟುವ ಎರಡನೇ ಹೇರ್‌ಪಿನ್‌ನಲ್ಲೂ ಅದೇ ಬಂತು. ಇದನ್ನು ನಾನು ನಂಬುತ್ತೇನೆ.

ಜೀನನ್ನೇ ಕತ್ತರಿಸುವ ಕ್ರಿಸ್ಪರ್ ಬಗ್ಗೆ ಎಲ್ಲರೂ ಕೇಳುತ್ತಾರೆ. ಎಎವಿ ಒಳಗೆ ಹಿಡಿಸುವುದು ಸುಮಾರು 4.7 ಕಿಲೋಬೇಸ್ (ಸಾವಿರ ಡಿಎನ್‌ಎ ಅಕ್ಷರ), ಕತ್ತರಿಯ ಕೆಲಸಕ್ಕೆ ಸಾಮಾನ್ಯವಾಗಿ ಬಳಸುವ ಕ್ಯಾಸ್9 ಪ್ರೋಟೀನ್‌ನ ಜೀನ್ ಒಂದೇ 4.1 ತಿನ್ನುತ್ತದೆ. ಹಾಗಾಗಿ ಎಲ್ಲಿ ಕತ್ತರಿಸಬೇಕೆಂದು ತೋರಿಸುವ ಗೈಡ್ ಆರ್‌ಎನ್‌ಎಗೆ ಎರಡನೇ ವೈರಸ್ ಬೇಕಾಯಿತು, ಎರಡೂ ಒಂದೇ ಕೋಶಕ್ಕೆ ಹೋಗಬೇಕು. ಹೋದರೂ ಕತ್ತರಿಸಿದ ಜಾಗ ಒಂದೊಂದು ಕೋಶದಲ್ಲಿ ಒಂದೊಂದು ಥರ ಕೂಡಿಕೊಳ್ಳುತ್ತದೆ, ಕೆಲವದರಲ್ಲಿ ಜೀನ್ ಕೆಲಸ ಮಾಡುತ್ತಲೇ ಇರುತ್ತದೆ. ಜೀನ್ ಪೂರ್ತಿ ಹೋಗಲೇಬೇಕು ಅನ್ನುವವರಿಗೆ ನನ್ನ ಪ್ರಕಾರ ಫ್ಲಾಕ್ಸ್ ಇಲಿಗೆ (ಜೀನ್‌ನ ಎರಡೂ ಬದಿಗೆ ಗುರುತು ಹಾಕಿದ ತಳಿ) ಎಎವಿ-ಕ್ರೀ (ಆ ಗುರುತುಗಳ ನಡುವಿನ ಭಾಗ ಕತ್ತರಿಸಿ ತೆಗೆಯುವ ಕ್ರೀ ಕಿಣ್ವ ಹೊತ್ತ ಎಎವಿ) ಕೊಡುವುದೇ ಮೇಲು. ಇಲಿ ಸಾಕಿ ತಳಿ ಸಿದ್ಧ ಮಾಡಲು ಐದಾರು ತಿಂಗಳು ಬೇಕು, ಅದೊಂದೇ ತೊಂದರೆ. ಅಲ್ಲೂ ಕ್ರೀ ಜಾಸ್ತಿಯಾದರೆ ಕೋಶಕ್ಕೆ ಒಳ್ಳೆಯದಲ್ಲ.

ಈಗ ಹೊಸ ವೈರಸ್ ಬಂದರೆ ನಾನು ಮಾಡುವುದು ಇಷ್ಟು. ಟ್ಯೂಬ್ ಬಂದ ದಿನವೇ 5 ಮೈಕ್ರೋಲೀಟರ್‌ನಂತೆ ಹಂಚಿ ಮೈನಸ್ 80ರಲ್ಲಿ ಇಡುತ್ತೇನೆ, ಕರಗಿಸಿ ಮತ್ತೆ ಹೆಪ್ಪುಗಟ್ಟಿಸಿದರೆ ಟೈಟರ್ (ಕೆಲಸ ಮಾಡುವ ಕಣಗಳ ಪ್ರಮಾಣ) ಬೀಳುತ್ತದೆ. ಮೂರು ಡೋಸ್, ಡೋಸ್‌ಗೆ ಎರಡು ಇಲಿ. ಮೂರು ವಾರ ಬಿಟ್ಟು ಮೊದಲು ಆ ಪಟ್ಟಿಯ ದಪ್ಪ ನೋಡುತ್ತೇನೆ. ಡಬ್ಬಿ, ಶಾಕ್, ಕ್ಯಾಮೆರಾ ಎಲ್ಲ ಅದಾದ ಮೇಲೆ.