ಫ್ಯಾಮಿಲಿಸರ್ಚ್ ಕೇಂದ್ರದ ಸೇವೆ: ಪುಕ್ಕಟೆಯೇನೋ ಹೌದು, ಮಿಷನರಿ ಬದಲಾಗುವಾಗ ಹುಷಾರು

ಫ್ಯಾಮಿಲಿಸರ್ಚ್ ಎಂದರೆ ಪೂರ್ವಜರ ಹಳೆಯ ದಾಖಲೆಗಳನ್ನು ಹುಡುಕುವ ಉಚಿತ ತಾಣ, ಅದರ ಕೇಂದ್ರಗಳಲ್ಲಿ ಸಹಾಯಕ್ಕೆ ಮಿಷನರಿಗಳು ಕೂರುತ್ತಾರೆ. ಸಂಗ್ರಹಕ್ಕೆ ಐದಕ್ಕೆ ಐದು, ಸೇವೆಗೆ ಮೂರೂವರೆ. ಒಂದೂವರೆ ಅಂಕ ಕಳೆದದ್ದು ಒಂದೇ ಕಾರಣಕ್ಕೆ: ಸಹಾಯಕ್ಕೆ ಕೂರುವವರು ಬದಲಾಗುವಾಗ ಕೆಲಸ ಅವರ ಜೊತೆಗೇ ಹೊರಟುಹೋಗುತ್ತದೆ.

ಅಮೆರಿಕದ ಸಾಲ್ಟ್ ಲೇಕ್ ಸಿಟಿಯ ಫ್ಯಾಮಿಲಿಸರ್ಚ್ ಗ್ರಂಥಾಲಯವನ್ನೂ ಊರೂರಿನ ಕೇಂದ್ರಗಳನ್ನೂ ನಡೆಸುವುದು ಮಾರ್ಮನ್ ಎಂದು ಜನ ಕರೆಯುವ ಲ್ಯಾಟರ್-ಡೇ ಸೇಂಟ್ಸ್ ಚರ್ಚು. ಈ ಕೆಲಸ 1894ರಲ್ಲಿ ವಂಶಾವಳಿ ಸಂಘವಾಗಿ ಶುರುವಾಯಿತು, 1938ರಿಂದ ಜಗತ್ತಿನ ದಾಖಲೆಗಳನ್ನು ಮೈಕ್ರೊಫಿಲ್ಮ್ (ಪುಟಗಳ ಕಿರು ಚಿತ್ರಗಳ ಸುರುಳಿ) ಮಾಡುತ್ತ ಬಂದರು. ಸುಮಾರು 24 ಲಕ್ಷ ಸುರುಳಿಗಳ ಡಿಜಿಟಲೀಕರಣ 2021ರಲ್ಲಿ ಮುಗಿಯಿತು. ಇಲ್ಲಿನ ಮಿಷನರಿ ಎಂದರೆ ಬಾಗಿಲು ಬಡಿಯುವ ಹುಡುಗರಲ್ಲ. ಹೆಚ್ಚಿನವರು ನಿವೃತ್ತ ದಂಪತಿ, ಸ್ವಂತ ಖರ್ಚಿನಲ್ಲಿ ಆರು ತಿಂಗಳಿಂದ 23 ತಿಂಗಳವರೆಗೆ ಬಂದಿರುತ್ತಾರೆ. ತಾಳ್ಮೆ ಅಪಾರ. ಆದರೆ ಕೈ ಪಳಗುವ ಹೊತ್ತಿಗೆ ಊರಿಗೆ ಹೊರಡುವ ದಿನ ಬಂದಿರುತ್ತದೆ.

ಹಸ್ತಾಂತರದಲ್ಲಿ ಅತಿ ಹೆಚ್ಚು ಕೆಡುವುದು ಬದುಕಿರುವವರ ಮಾಹಿತಿ. ಫ್ಯಾಮಿಲಿಸರ್ಚಿನ ಮರ, ಅಂದರೆ ವಂಶವೃಕ್ಷ, ಎಲ್ಲರಿಗೂ ಸೇರಿದ್ದು. ತೀರಿಕೊಂಡವರ ಪುಟವನ್ನು ಯಾರು ಬೇಕಾದರೂ ತಿದ್ದಬಹುದು. ಬದುಕಿರುವವರನ್ನು ಮಾತ್ರ ಸೇರಿಸಿದವರ ಖಾಸಗಿ ಜಾಗದಲ್ಲಿ ಇಡುತ್ತದೆ. ಹಳೆಯ ಸ್ವಯಂಸೇವಕರು ಬೇಗ ಆಗಲೆಂದು ತಮ್ಮದೇ ಖಾತೆಯಲ್ಲಿ ನಿಮ್ಮ ತಂದೆ, ಚಿಕ್ಕಪ್ಪ, ಅತ್ತೆಯರನ್ನು ಸೇರಿಸಿದ್ದರೆ, ಅವರು ಹೋದ ಮೇಲೆ ನಿಮಗೂ ಕಾಣದು, ಹೊಸಬರಿಗೂ ಕಾಣದು. ಎಲ್ಲ ಮತ್ತೆ ಮೊದಲಿಂದ. ಆದ್ದರಿಂದ ಮೊದಲ ದಿನವೇ ನಿಮ್ಮ ಹೆಸರಲ್ಲಿ ಉಚಿತ ಖಾತೆ ತೆರೆಸಿ, ಪ್ರತಿ ನಮೂದೂ ಅದರಲ್ಲೇ ಆಗಲಿ. ಪಾಸ್‌ವರ್ಡ್ ಹೇಳಬೇಕಿಲ್ಲ, ಸಹಾಯಕರು ನಿಮ್ಮ ಮರದಲ್ಲಿ ಕೆಲಸ ಮಾಡಲೆಂದೇ ತಾಣದಲ್ಲಿ ಬೇರೆ ಸೌಲಭ್ಯವಿದೆ, ಅದನ್ನು ಕೇಳಿ.

ಎರಡನೆಯದು ಸಂಖ್ಯೆಗಳ ಗೊಂದಲ. ಹಳಬರ ನೋಟ್‌ಬುಕ್ಕಿನಲ್ಲಿ ಬರೀ ‘ಫಿಲ್ಮ್ ನಂಬರ್’ ಇರುತ್ತದೆ. ಮೈಕ್ರೊಫಿಲ್ಮ್ ಸಂಖ್ಯೆಯೇ ಬೇರೆ, ಡಿಜಿಟಲ್ ಚಿತ್ರಗುಂಪಿನ (ತಾಣದಲ್ಲಿ ಒಟ್ಟಿಗೆ ಇಟ್ಟ ಪುಟಚಿತ್ರಗಳ ಕಟ್ಟಿನ) ಸಂಖ್ಯೆಯೇ ಬೇರೆ. ಒಂದೇ ಸುರುಳಿಯಲ್ಲಿ ಮೂರ್ನಾಲ್ಕು ರಿಜಿಸ್ಟರು ಒಂದರ ಹಿಂದೊಂದು ಸೇರಿರುವುದೂ ಉಂಟು. ಚಿತ್ರಗುಂಪಿನ ಸಂಖ್ಯೆ, ಆ ಗುಂಪಿನೊಳಗೆ ಎಷ್ಟನೇ ಚಿತ್ರ, ರಿಜಿಸ್ಟರಿನ ಮೂಲ ಪುಟ, ನೋಡಿದ ದಿನಾಂಕ, ಈ ನಾಲ್ಕೂ ಇದ್ದರೆ ಹೊಸಬರು ಎರಡು ನಿಮಿಷದಲ್ಲಿ ಅದೇ ಸಾಲಿಗೆ ಬಂದು ನಿಲ್ಲುತ್ತಾರೆ. ಸಿಗದ ಹುಡುಕಾಟವನ್ನೂ ಬರೆಸಬೇಕು: ಯಾವ ಕಾಗುಣಿತ, ಯಾವ ವರ್ಷದಿಂದ ಯಾವ ವರ್ಷ. ಇದನ್ನು ಬರೆಯುವವರೇ ಕಡಿಮೆ. ಹಾಗಾಗಿ ಹೊಸ ದಂಪತಿ ಅದೇ ಖಾಲಿ ಬಾವಿಗೆ ಮತ್ತೆ ಕೊಡ ಇಳಿಸುತ್ತಾರೆ.

ಹೊಸಬರ ಉತ್ಸಾಹವೂ ಒಂದು ಅಪಾಯ. ಒಂದೇ ಹೆಸರು, ಹತ್ತಿರದ ಹುಟ್ಟಿದ ವರ್ಷ ಕಂಡರೆ ಸಾಕು, ಇಬ್ಬರ ಪುಟಗಳನ್ನು ವಿಲೀನ ಮಾಡಿಬಿಡುತ್ತಾರೆ. ಬದಲಾವಣೆಗಳ ಪಟ್ಟಿಯಿಂದ ಬಿಡಿಸಬಹುದು, ನಿಜ. ಆದರೆ ವಿಲೀನದ ಮೇಲೆ ಬೇರೆ ತಿದ್ದುಪಡಿಗಳು ಬಿದ್ದಿದ್ದರೆ ಒಂದೊಂದಾಗಿ ಬಿಡಿಸುವ ಪಾಡು. ಹಳಬರು ‘ಇವರಿಬ್ಬರೂ ಬೇರೆ ಬೇರೆ, ಕಾರಣ ಹೀಗೆ’ ಎಂದು ಆ ಪುಟದಲ್ಲೇ ಟಿಪ್ಪಣಿ ಬಿಟ್ಟು ಹೋಗಲಿ.

ನಮ್ಮ ಕಡೆಯ ಹೆಸರುಗಳ ಪಾಠವನ್ನು ಪ್ರತಿ ಹೊಸ ತಂಡಕ್ಕೂ ಹೊಸದಾಗಿ ಮಾಡಬೇಕು. ‘ಎಚ್. ಕೆ. ರಾಮಯ್ಯ’ ಎಂದರೆ ಹೊಸಬರು ರಾಮಯ್ಯನನ್ನು ಕುಟುಂಬನಾಮವೆಂದು ತಿಳಿದು ಮಗನಿಗೂ ಅದನ್ನೇ ಅಂಟಿಸುತ್ತಾರೆ. ಎಚ್ ಊರು, ಕೆ ಅಪ್ಪನ ಹೆಸರು ಎಂಬುದು ಅವರಿಗೆ ಹೊಳೆಯುವುದಿಲ್ಲ. ಕುಟುಂಬನಾಮದ ಜಾಗ ಖಾಲಿ ಬಿಡಲಿ, ಊರು ಸ್ಥಳದ ಜಾಗಕ್ಕೆ ಹೋಗಲಿ, ಇನಿಷಿಯಲ್ ಸಮೇತದ ರೂಪ ಪರ್ಯಾಯ ಹೆಸರಾಗಿ ಇರಲಿ. ಇದನ್ನೊಂದು ಚೀಟಿಯಲ್ಲಿ ಬರೆದು ಕೊಟ್ಟರೆ ಮುಂದಿನ ತಂಡಕ್ಕೂ ದಾಟುತ್ತದೆ.

ಸ್ಥಳದ ಹೆಸರೂ ಹಾಗೆಯೇ. ಬಳ್ಳಾರಿಯ ಆಂಗ್ಲೋ-ಇಂಡಿಯನ್ ಅಜ್ಜಿಯ ದೀಕ್ಷಾಸ್ನಾನದ ದಾಖಲೆಗೆ ‘ಕರ್ನಾಟಕ’ ಎಂದು ಹುಡುಕಿದರೆ ಏನೂ ಬರದು. ಈ ಹೆಸರು ರಾಜ್ಯಕ್ಕೆ ಬಂದದ್ದೇ 1973ರಲ್ಲಿ. ಆಗ ಬಳ್ಳಾರಿ ಇದ್ದದ್ದು ಮದ್ರಾಸ್ ಪ್ರಾಂತ್ಯದಲ್ಲಿ, ಮದ್ರಾಸ್ ಎಂದು ಹುಡುಕಬೇಕು. ಹಿಂದೂ ಕುಟುಂಬಗಳು ಮಾತ್ರ ದೊಡ್ಡ ಆಸೆ ಇಟ್ಟುಕೊಂಡು ಹೋಗಬೇಡಿ. ಹರಿದ್ವಾರದಂಥ ಕ್ಷೇತ್ರಗಳ ಪಂಡಾಗಳ (ತೀರ್ಥಪುರೋಹಿತರ) ವಹಿಗಳ, ಅಂದರೆ ಯಾತ್ರಿಕರ ವಂಶಾವಳಿ ಬರೆದಿಟ್ಟ ಪುಸ್ತಕಗಳ, ದೊಡ್ಡ ಸಂಗ್ರಹವೇನೋ ಇದೆ, ಉಪಯೋಗ ಬಹುಪಾಲು ಉತ್ತರದವರಿಗೆ.

ಧರ್ಮದ ಬಗ್ಗೆ ಅನುಮಾನ ಇರುವವರಿಗೆ: ತೀರಿಕೊಂಡವರ ಹೆಸರಿನಲ್ಲಿ ತಮ್ಮ ದೇವಾಲಯದಲ್ಲಿ ದೀಕ್ಷಾಸ್ನಾನದಂಥ ವಿಧಿ ಮಾಡುವುದು ಈ ಚರ್ಚಿನ ನಂಬಿಕೆ. ಸದಸ್ಯರು ತಮ್ಮ ಪೂರ್ವಜರು, ಬಂಧುಗಳಿಗಷ್ಟೇ ಮಾಡಿಸಬೇಕೆಂಬ ನಿಯಮವಿದೆ. ಒಪ್ಪಿಗೆಯಾಗದವರು ಸಾರ್ವಜನಿಕ ಮರಕ್ಕೆ ಹೆಸರು ಹಾಕದೆ, ದಾಖಲೆಗಳನ್ನಷ್ಟೇ ನೋಡಿ ಬರಬಹುದು.

ಕೆಲವು ಚಿತ್ರಗಳು ಮನೆಯಲ್ಲಿ ತೆರೆಯುವುದಿಲ್ಲ, ಕೇಂದ್ರದ ಜಾಲದಲ್ಲಷ್ಟೇ ಕಾಣುತ್ತವೆ. ಅವುಗಳ ಪಟ್ಟಿಯನ್ನು ಮನೆಯಲ್ಲೇ ಮಾಡಿಕೊಂಡು, ಪೆನ್ ಡ್ರೈವ್ ಹಿಡಿದು ಹೋಗಿ. ಹೊರಡುವ ದಂಪತಿಯ ಕೊನೆಯ ವಾರದಲ್ಲಿ ಹೊಸ ಹುಡುಕಾಟ ಶುರು ಮಾಡಿಸಬೇಡಿ. ಹಳಬರು, ಹೊಸಬರು ಇಬ್ಬರೂ ಇರುವ ದಿನ ಕೇಳಿಕೊಂಡು ಹೋಗಿ, ಹೊಸಬರ ಕೈಗೆ ಮೌಸ್ ಕೊಡಿಸಿ, ಹಳಬರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ.